ಹಳೇ ನಾಣ್ಯ ಕೊಡು-ಕೊಳ್ಳುವಾಗ ಖೋಟಾ ಗುರುತಿಸುವುದು ಹೇಗೆ? ಮಲೆನಾಡಿನ ಸಂಗ್ರಾಹಕರಿಗೆ ಸಮಗ್ರ ಮಾರ್ಗದರ್ಶಿ

ಸಾಗರದ ಮಾರಿಕಾಂಬೆ ಜಾತ್ರೆಯಿಂದ ಒಮ್ಮೆ ಐದು ರಾಣಿ ಛಾಪಿನ ರೂಪಾಯಿ ತಂದಿದ್ದೆ. ನೆಲಕ್ಕೆ ಟವಲ್ ಹಾಸಿ ಕೂತಿದ್ದ ಒಬ್ಬನ ಹತ್ತಿರ ಚೌಕಾಸಿ ಮಾಡಿ, ಬಹಳ ಖುಷಿಯಿಂದ ತಂದಿದ್ದೆ. ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕನ್ನಡಕ ಕೂಡ ಹಾಕಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಸವರಿ, "ಇದೆಂಥದಾ, ಸೋಪು ಮುಟ್ಟಿದ ಹಾಗೆ ಆಗ್ತದೆ" ಅಂದಳು. ದೀಪಾವಳಿ ಲಕ್ಷ್ಮೀಪೂಜೆಗೆ ಇಡುವ ಡಬ್ಬಿಯಿಂದ ಅಜ್ಜನ ಕಾಲದ ಒಂದು ರೂಪಾಯಿ ತೆಗೆದು ಪಕ್ಕದಲ್ಲಿಟ್ಟಳು. ತೂಗಿ ನೋಡಿದೆ. ಅಜ್ಜನ ರೂಪಾಯಿ 11.58 ಗ್ರಾಂ ಇತ್ತು. ನಾನು ತಂದ ಐದರಲ್ಲಿ ನಾಲ್ಕು 10 ಗ್ರಾಮೂ ದಾಟಲಿಲ್ಲ.

ಅಮ್ಮ ನಾಣ್ಯದ ಬಗ್ಗೆ ಏನೂ ಓದಿದವಳಲ್ಲ. ಆದರೆ ವರ್ಷಕ್ಕೊಮ್ಮೆ ಆ ರೂಪಾಯಿಗಳನ್ನು ತೊಳೆದು, ಒರೆಸಿ, ಕುಂಕುಮ ಹಚ್ಚಿ ಇಡುತ್ತಿದ್ದಳು. ಅಸಲಿ ಅವಳ ಕೈಗೆ ಹತ್ತಿತ್ತು. ಅಡಿಕೆಯಲ್ಲೂ ಹಾಗೇ ಅಲ್ವಾ? ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಸುಲಿದು ಬೇಯಿಸಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಣ್ಯ ಕೊಡು-ಕೊಳ್ಳುವವರೂ ಮೊದಲು ಗಳಿಸಬೇಕಾದದ್ದು ಇದನ್ನೇ. ಕೆಳಗಿನ ಪರೀಕ್ಷೆಗಳೆಲ್ಲ ಅದಾದ ಮೇಲೆ.

ಮೊದಲು ಅಸಲಿಯ ಪರಿಚಯ

ಎಲ್ಲ ಕಾಲದ, ಎಲ್ಲ ರಾಜರ ನಾಣ್ಯಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಒಂದು ಬಗೆ ಹಿಡಿಯಿರಿ. ಹೊಸಬರಿಗೆ ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಪೂಜೆ ಡಬ್ಬಿಯಲ್ಲೋ ಅಜ್ಜಿಯ ಪೆಟ್ಟಿಗೆಯಲ್ಲೋ ಒಂದೆರಡು ಸಿಕ್ಕೇ ಸಿಗುತ್ತವೆ. ಅವು ಮೂರು ತಲೆಮಾರಿನಿಂದ ಮನೆಯಲ್ಲೇ ಇದ್ದರೆ ಅಸಲಿ ಇರುವ ಸಾಧ್ಯತೆ ಜಾಸ್ತಿ. ಅವುಗಳನ್ನು ದಿನವೂ ಕೈಯಲ್ಲಿ ಹಿಡಿಯಿರಿ. ತೂಗಿ, ಅಂಚು ನೋಡಿ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಮ್ಯೂಸಿಯಂಗಳಿಗೂ ಹೋಗಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯ, ಸಾಗರದ ಹತ್ತಿರದ ಕೆಳದಿ ಮ್ಯೂಸಿಯಂ, ಲಕ್ಕಿನಕೊಪ್ಪದ 'ಅಮೂಲ್ಯ ಶೋಧ', ಮೂರನ್ನೂ ಬಿಡುವು ಮಾಡಿಕೊಂಡು ನೋಡಿ. ಗಾಜಿನ ಹಿಂದಿನ ನಾಣ್ಯವನ್ನು ಮುಟ್ಟಲು ಆಗುವುದಿಲ್ಲ, ನಿಜ. ಆದರೆ ಅಕ್ಷರದ ಗಾತ್ರ, ಸವೆದ ರೀತಿ, ಲೋಹದ ಬಣ್ಣ ಕಣ್ಣಲ್ಲಿ ಕೂರುತ್ತದೆ.

ಬೇಕಾದ ಸಾಮಾನು

0.01 ಗ್ರಾಂವರೆಗೆ ತೋರಿಸುವ ಜೇಬಿನ ಡಿಜಿಟಲ್ ತಕ್ಕಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಅಂದರೆ ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ ಥರದ ಭೂತಗನ್ನಡಿ. ಒಂದು ಗಟ್ಟಿ ಅಯಸ್ಕಾಂತ. ಒಂದು ವರ್ನಿಯರ್ ಕ್ಯಾಲಿಪರ್. ತೆಳು ನೂಲು, ಒಂದು ಪ್ಲಾಸ್ಟಿಕ್ ಲೋಟ. ಇಷ್ಟು ಸಾಕು.

ತಕ್ಕಡಿ ಸರಿ ಇದೆಯೋ ಇಲ್ಲವೋ ಅಂತ ನೋಡಲು ಜೇಬಿನಲ್ಲಿರುವ ಹತ್ತು ರೂಪಾಯಿ ನಾಣ್ಯ ಇಡಿ. 7.7 ಗ್ರಾಂ ಆಸುಪಾಸು ತೋರಿಸಬೇಕು. ನಾನು ಯಾರನ್ನಾದರೂ ಭೇಟಿಯಾಗಲು ಹೋಗುವಾಗ ಈ ಸಾಮಾನೆಲ್ಲ ಒಂದು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತೇನೆ. ಎದುರಿನವರು ಅಸಲಿ ಮನುಷ್ಯರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ತಕ್ಕಡಿ ತೆಗೆದ ಕೂಡಲೇ ಮುಖ ಸಿಂಡರಿಸಿದರೆ ಅಲ್ಲಿಗೇ ನಿಲ್ಲಿಸಿ.

ತೂಕ ಮತ್ತು ಅಳತೆ

ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಡ್ಡಳತೆ 30 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಅರ್ಧ ರೂಪಾಯಿ 5.83, ಕಾಲು ರೂಪಾಯಿ 2.92 ಗ್ರಾಂ. ಇವು ಟಂಕಸಾಲೆಯಲ್ಲಿ ಯಂತ್ರದಿಂದ ಹೊಡೆದವು, ಆದ್ದರಿಂದ ತೂಕದಲ್ಲಿ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ನೂರು ವರ್ಷ ಓಡಾಡಿ ಸವೆದಿದ್ದರೆ 11.4, 11.3ಕ್ಕೆ ಇಳಿದಿರಬಹುದು. ಆದರೆ ರಾಣಿಯ ಕೂದಲಿನ ಎಳೆ ಎಳೆಯೂ ಸ್ಪಷ್ಟವಾಗಿದ್ದು ತೂಕ ಮಾತ್ರ 11 ಅಂದರೆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಸವೆಯದ ನಾಣ್ಯ ಹಗುರವಾಗುವುದು ಹೇಗೆ? 11.7ಕ್ಕಿಂತ ಜಾಸ್ತಿ ಇದ್ದರೂ ಅನುಮಾನ ಪಡಿ. ಸವೆತದಿಂದ ತೂಕ ಕಡಿಮೆಯಾಗಬಹುದು, ಹೆಚ್ಚಾಗಲು ಸಾಧ್ಯವಿಲ್ಲ.

ಬೆಲೆಯನ್ನೂ ತೂಕದಿಂದಲೇ ಅಳೆಯಿರಿ. 1939ರವರೆಗಿನ ರೂಪಾಯಿಯಲ್ಲಿ 91.7% ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ ಇದೆ. ಆ ದಿನದ ಬೆಳ್ಳಿ ದರಕ್ಕೆ ಗುಣಿಸಿ ನೋಡಿ. ಅದಕ್ಕಿಂತ ಕಡಿಮೆಗೆ ಯಾರಾದರೂ ಕೊಡುತ್ತಿದ್ದರೆ ಯಾಕೆ ಕೊಡುತ್ತಾರೆ ಅಂತ ಯೋಚಿಸಿ. ಶಿವಮೊಗ್ಗದ ಗಾಂಧಿ ಬಜಾರಿನ ಯಾವ ಬೆಳ್ಳಿ ಅಂಗಡಿಗೆ ಹೋದರೂ ಅವರಿಗೆ ಅದಕ್ಕಿಂತ ಜಾಸ್ತಿ ಸಿಗುತ್ತದಲ್ಲ. ಜಾತ್ರೆಯಲ್ಲಿ ನಾನು ಈ ಲೆಕ್ಕ ಹಾಕಲಿಲ್ಲ.

ಅಯಸ್ಕಾಂತ

ಬೆಳ್ಳಿ, ಚಿನ್ನ, ತಾಮ್ರ ಯಾವುದೂ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ. ಆದರೆ 1947ರ ರೂಪಾಯಿ ನಿಕ್ಕಲ್ಲಿನದು. ಅದು ಅಸಲಿಯಾದರೆ ಅಂಟಲೇಬೇಕು! ಇಸವಿ ನೋಡದೆ ಅಯಸ್ಕಾಂತ ಹಿಡಿದು "ಖೋಟಾ" ಅಂತ ಒಳ್ಳೆಯ ನಾಣ್ಯ ಬಿಟ್ಟುಕೊಟ್ಟವರಿದ್ದಾರೆ. ಇನ್ನು, ಅಂಟಲಿಲ್ಲ ಅಂದ ಮಾತ್ರಕ್ಕೆ ಬೆಳ್ಳಿ ಅಂತಲ್ಲ. ಜರ್ಮನ್ ಸಿಲ್ವರ್ ಕೂಡ ಅಂಟುವುದಿಲ್ಲ, ಅದರಲ್ಲಿ ಬೆಳ್ಳಿಯ ಚೂರೂ ಇರುವುದಿಲ್ಲ.

ಅಂಚು

ನನ್ನನ್ನು ಕೇಳಿದರೆ ಮುಖಕ್ಕಿಂತ ಮೊದಲು ಅಂಚು ನೋಡಬೇಕು. ಖೋಟಾ ಮಾಡುವವನು ರಾಣಿಯ ಮುಖಕ್ಕೆ ಪಡುವ ಶ್ರಮವನ್ನು ಅಂಚಿಗೆ ಪಡುವುದಿಲ್ಲ.

ನಾಣ್ಯವನ್ನು ಎರಡು ಬೆರಳ ನಡುವೆ ಹಿಡಿದು, ಕಿಟಕಿಯ ಬೆಳಕಿಗೆ ನಿಧಾನವಾಗಿ ತಿರುಗಿಸಿ. ಅಸಲಿ ರೂಪಾಯಿಯ ಅಂಚಿನಲ್ಲಿ ನೆಟ್ಟಗೆ ನಿಂತ ಗೀರುಗಳಿರುತ್ತವೆ. ಒಂದೇ ಅಗಲ, ಒಂದೇ ಆಳ, ಬಾಚಣಿಗೆಯ ಹಲ್ಲಿನ ಹಾಗೆ. ಖೋಟಾದಲ್ಲಿ ಅವು ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಸಲು. ಕೆಲವದರಲ್ಲಿ ಓರೆಯಾಗಿರುತ್ತವೆ. ಅಚ್ಚಿಗೆ ಲೋಹ ಸುರಿದು ಮಾಡಿದ್ದರೆ ಅಂಚಿನ ನಡುವೆ ಸುತ್ತಲೂ ಒಂದು ಸಣ್ಣ ಏಣು ಕಾಣುತ್ತದೆ. ಎರಡು ಅರ್ಧ ಅಚ್ಚು ಸೇರಿದ ಜಾಗ ಅದು. ಅದನ್ನು ಅರದಿಂದ ಉಜ್ಜಿ ತೆಗೆದಿದ್ದರೆ ಉಜ್ಜಿದ ಅಡ್ಡ ಗೆರೆಗಳು ಲೂಪಿನಲ್ಲಿ ಸಿಗುತ್ತವೆ. ಒಂದು ವಿಷಯ ನೆನಪಿಡಿ. 1940ರ ದಶಕದ 50% ಬೆಳ್ಳಿ ರೂಪಾಯಿಯ ಅಂಚಿನ ನಡುವೆ ಟಂಕಸಾಲೆಯವರೇ ಖೋಟಾ ತಡೆಯಲು ಕೊರೆದ ಒಂದು ಭದ್ರತಾ ಪಟ್ಟಿ ಇರುತ್ತದೆ. ಅದನ್ನು ಅಚ್ಚಿನ ಏಣು ಅಂತ ತಿಳಿಯಬಾರದು. ಅದು ತಗ್ಗಿನಲ್ಲಿರುತ್ತದೆ, ಏಣು ಉಬ್ಬಿರುತ್ತದೆ.

ಅಂಚಿನ ಮೇಲೆ ಒಂದು ಕಡೆ ಮಾತ್ರ ಗೀರುಗಳು ಮುಚ್ಚಿಹೋಗಿ ನುಣ್ಣಗಿದ್ದರೆ ಅದು ಬೇರೆ ಕಥೆ. ಅಲ್ಲಿ ಯಾವಾಗಲೋ ಸರಕ್ಕೆ ಕೊಂಡಿ ಬೆಸೆದಿದ್ದರು. ನಾಣ್ಯ ಅಸಲಿಯೇ, ಆದರೆ ಬೆಲೆ ಬಹಳ ಕಡಿಮೆ. ಬೆಸುಗೆ ಉಜ್ಜಿ ಮುಚ್ಚಿಟ್ಟು ಒಳ್ಳೆಯ ನಾಣ್ಯದ ಬೆಲೆ ಕೇಳುವುದೂ ಮೋಸವೇ.

ಆಮೇಲೆ ಮೇಲ್ಮೈ. ಲೂಪಿನಲ್ಲಿ ಅಕ್ಷರಗಳ ಬುಡ ನೋಡಿ. ಹೊಡೆದ ನಾಣ್ಯದಲ್ಲಿ ಅಕ್ಷರ ಮೈದಾನದಿಂದ, ಅಂದರೆ ಬರಹ ಚಿತ್ರ ಇಲ್ಲದ ಸಪಾಟು ಜಾಗದಿಂದ, ಗೋಡೆಯ ಹಾಗೆ ಥಟ್ಟನೆ ಏಳುತ್ತದೆ. ಎರಕದ ನಾಣ್ಯದಲ್ಲಿ ಕರಗಿದ ಬೆಲ್ಲದ ಹಾಗೆ ಇಳಿಜಾರಾಗಿ ಏಳುತ್ತದೆ. ಸೂಜಿಮೊನೆಯಷ್ಟು ಸಣ್ಣ ಗುಂಡಿಗಳು ಕಂಡರೆ ಅವು ಲೋಹ ಆರುವಾಗ ಒಡೆದ ಗುಳ್ಳೆ. ಅಮ್ಮನ ಬೆರಳಿಗೆ ಸೋಪಿನ ಹಾಗೆ ಆದದ್ದು ಈ ಕರಗಿದ ಬುಡವೇ.

ನೀರಿನ ಪರೀಕ್ಷೆ

ಇದನ್ನು ಕಲಿತರೆ ಅರ್ಧ ಜಗಳ ಮುಗಿಯಿತು. ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ.

ಮೊದಲು ನಾಣ್ಯವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ನೂಲು ಕಟ್ಟಿ ನೀರಿಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು, ಮೈಗೆ ಗಾಳಿಗುಳ್ಳೆ ಅಂಟಿರಬಾರದು. ಫ್ಯಾನ್ ಆಫ್ ಮಾಡಿ, ಕೈ ನಡುಗದ ಹಾಗೆ ಮೊಣಕೈ ಮೇಜಿಗೆ ಊರಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಬರುವುದು ಲೋಹದ ಸಾಂದ್ರತೆ.

ಬೆಳ್ಳಿ ರೂಪಾಯಿಗೆ ಈ ಲೆಕ್ಕ 10.3ರ ಹತ್ತಿರ ಬರಬೇಕು. ಅಂದರೆ 11.66 ಗ್ರಾಮಿನ ನಾಣ್ಯ ಮುಳುಗಿಸಿದಾಗ ತಕ್ಕಡಿ 1.13 ಆಸುಪಾಸು ತೋರಿಸುತ್ತದೆ. 1.35 ತೋರಿಸಿದರೆ ಅದು ಜರ್ಮನ್ ಸಿಲ್ವರ್ ಅಥವಾ ಅಂಥದ್ದೇ ಲೋಹ. 1940ರಿಂದ 1945ರ 50% ಬೆಳ್ಳಿ ರೂಪಾಯಿಗೆ 1.2ರ ಹತ್ತಿರ ಬರುವುದು ಸರಿಯೇ, ಗಾಬರಿಯಾಗಬೇಡಿ. ಒಂದೇ ಸಲ ನೋಡಿ ತೀರ್ಮಾನಿಸದೆ ಮೂರು ಸಲ ಮಾಡಿ. ಆಮೇಲೆ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ.

ಸದ್ದಿನ ಪರೀಕ್ಷೆಯನ್ನೂ ಹಿರಿಯರು ಮಾಡುತ್ತಾರೆ. ಬೆರಳ ತುದಿಯಲ್ಲಿ ನಾಣ್ಯ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದರೆ ಬೆಳ್ಳಿ ಗಂಟೆಯ ಹಾಗೆ ಎಳೆದು ಹಾಡುತ್ತದೆ. ದಯವಿಟ್ಟು ಸಿಮೆಂಟ್ ನೆಲಕ್ಕೆ ಮಾತ್ರ ಕುಟ್ಟಬೇಡಿ.

ಇಸವಿ ಮತ್ತು ಬರಹ

ತಪ್ಪು ಸುಲಭವಾಗಿ ಸಿಗುವ ಜಾಗ ಇದು. 1876ರವರೆಗೆ ವಿಕ್ಟೋರಿಯಾ ರಾಣಿ, ನಾಣ್ಯದ ಮೇಲೆ 'ವಿಕ್ಟೋರಿಯಾ ಕ್ವೀನ್' ಅಂತಿರುತ್ತದೆ. 1877ರಿಂದ ಅವಳು ಚಕ್ರವರ್ತಿನಿ, ಬರಹ 'ವಿಕ್ಟೋರಿಯಾ ಎಂಪ್ರೆಸ್' ಆಯಿತು. ಒಂದು ಕಡೆ ಎಂಪ್ರೆಸ್ ಅಂತಿದ್ದು ಇನ್ನೊಂದು ಕಡೆ 1862 ಅಂತಿದ್ದರೆ ಎರಡು ಬೇರೆ ನಾಣ್ಯಗಳ ಅಚ್ಚು ಸೇರಿಸಿದ್ದಾರೆ. ಏಳನೇ ಎಡ್ವರ್ಡ್‌ನ ರೂಪಾಯಿಯಲ್ಲಿ ಅವನ ತಲೆಗೆ ಕಿರೀಟವಿಲ್ಲ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ, ಅಚ್ಚು ಬದಲಾಯಿಸಿದರು. ಹಾಗಾಗಿ 1911 ಅಂತ ಬರೆದು ಸರಿಯಾದ ಸೊಂಡಿಲಿನ ಆನೆ ಇದ್ದರೆ ಎರಡು ಸಲ ನೋಡಿ.

ಆರನೇ ಜಾರ್ಜ್‌ನ 1939ರ ರೂಪಾಯಿ ಬಹಳ ಅಪರೂಪ. ಅದಕ್ಕೇ ಅದರ ಖೋಟಾ ಬಹಳ. ಯಾರಾದರೂ 1939 ತೋರಿಸಿದರೆ ಕೊನೆಯ 9ನ್ನು ಲೂಪಿನಲ್ಲಿ ಐದು ನಿಮಿಷ ನೋಡಿ. ಬೇರೆ ಅಂಕಿ ಕೆತ್ತಿ 9 ಮಾಡಿದ್ದರೆ ಅದರ ಸುತ್ತ ಮಾತ್ರ ಮೈದಾನ ತಗ್ಗಾಗಿ, ಹೊಳಪು ಬೇರೆಯಾಗಿರುತ್ತದೆ.

ನಮ್ಮದೇ ವರಹ

ಶಿವಮೊಗ್ಗದಲ್ಲಿ ಸಂಗ್ರಹ ಮಾಡುವವರಿಗೆಲ್ಲ ಒಂದು ಇಕ್ಕೇರಿ ವರಹ ಬೇಕು ಅನ್ನಿಸುತ್ತದೆ. ನನಗೂ. ಕೆಳದಿ ಅರಸರ ಈ ಚಿನ್ನದ ನಾಣ್ಯ ಅಂಗಿಯ ಗುಂಡಿಯಷ್ಟೇ ಅಗಲ, ತೂಕ ಸುಮಾರು 3.4 ಗ್ರಾಂ. ಒಂದು ಕಡೆ ಶಿವ ಪಾರ್ವತಿ ಕೂತಿದ್ದಾರೆ, ಇನ್ನೊಂದು ಕಡೆ ನಾಗರಿ ಅಕ್ಷರದಲ್ಲಿ 'ಶ್ರೀ ಸದಾಶಿವ'. 1763ರಲ್ಲಿ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದು ಅದನ್ನು ಹೈದರ್‌ನಗರ ಮಾಡಿದ. ಈಗಿನ ಹೊಸನಗರ ತಾಲ್ಲೂಕಿನ ನಗರವೇ ಅದು. ಅವನು ಶಿವ ಪಾರ್ವತಿಯ ಚಿತ್ರ ಹಾಗೇ ಉಳಿಸಿಕೊಂಡು, ಹಿಂದೆ ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಹಾಕಿಸಿದ. ನಾಗರಿ ಬರಹವಿಲ್ಲ, ಪಾರಸಿ ಇದೆ ಅಂತ ಅದನ್ನು ಖೋಟಾ ಅನ್ನಬೇಡಿ.

ವರಹದಲ್ಲಿ ಕಷ್ಟವೇನೆಂದರೆ ಚಿನ್ನ ಅಸಲಿ ಇದ್ದು ನಾಣ್ಯ ಖೋಟಾ ಇರಬಹುದು. ಇವತ್ತಿನ ಚಿನ್ನದಲ್ಲೇ ಹೊಸ ಅಚ್ಚಿನಿಂದ ಹೊಡೆದು ಇಕ್ಕೇರಿ ವರಹ ಅಂತ ಮಾರಿದರೆ ನೀರಿನ ಪರೀಕ್ಷೆ ಪಾಸಾಗುತ್ತದೆ. ಹಾಗಾಗಿ ಎರಡು ಪ್ರಶ್ನೆ ಬೇರೆ ಬೇರೆ ಕೇಳಿಕೊಳ್ಳಿ. ಇದು ಚಿನ್ನವೇ? ಇದು ಆ ಕಾಲದ್ದೇ?

ಮೊದಲನೆಯದಕ್ಕೆ, ಮುಳುಗಿಸಿದಾಗ ತಕ್ಕಡಿ 0.2ರ ಹತ್ತಿರ ತೋರಿಸಬೇಕು. ಹಿತ್ತಾಳೆಯಾದರೆ 0.4. ಇಷ್ಟು ಸಣ್ಣ ಅಂಕಿಯಲ್ಲಿ ಅಗ್ಗದ ತಕ್ಕಡಿ ತಪ್ಪುವುದುಂಟು, ಅದಕ್ಕೇ ಚಿನ್ನದ ಶುದ್ಧತೆ ನೋಡುವ ಮೆಷಿನ್ ಇರುವ ಹಾಲ್‌ಮಾರ್ಕ್ ಕೇಂದ್ರಕ್ಕೆ ಒಯ್ಯಿರಿ. ಒರೆಗಲ್ಲಿಗೆ ಉಜ್ಜಲು ಬಿಡಬೇಡಿ, ಮುನ್ನೂರು ವರ್ಷದ ಅಂಚು ಒಂದು ಗೀರಿಗೆ ಹೋಗುತ್ತದೆ.

ಎರಡನೆಯದಕ್ಕೆ ಕಣ್ಣೇ ಬೇಕು. ಆ ನಾಣ್ಯಗಳನ್ನು ಸುತ್ತಿಗೆಯಿಂದ ಕೈಯಲ್ಲಿ ಹೊಡೆಯುತ್ತಿದ್ದರು. ಅಚ್ಚು ಒಮ್ಮೊಮ್ಮೆ ಆಚೆ ಈಚೆ ಸರಿದು ಶಿವನ ಮುಡಿಯೋ ಒಂದು ಅಕ್ಷರವೋ ಅಂಚಿನಿಂದ ಹೊರಗೆ ಹೋಗಿರುತ್ತದೆ. ಎಲ್ಲವೂ ಕಂಪಾಸ್ ಇಟ್ಟ ಹಾಗೆ ನಟ್ಟನಡುವೆ ಕೂತಿದ್ದರೆ ನನಗಂತೂ ಅನುಮಾನ ಬರುತ್ತದೆ. ಇನ್ನೊಂದು ಒಳ್ಳೆಯ ಗುರುತು ಅವಳಿಗಳು. ಒಬ್ಬರ ಹತ್ತಿರವೇ ಎರಡು ವರಹ ಇದ್ದರೆ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಅಚ್ಚು ಅಷ್ಟೇ ಸರಿದಿದೆ, ಒಂದೇ ಜಾಗದಲ್ಲಿ ಒಂದೇ ಗೀರಿದೆ ಅಂದರೆ ಎರಡೂ ಒಂದೇ ಎರಕದ ಮಕ್ಕಳು. ಕೈಯಲ್ಲಿ ಹೊಡೆದ ನಾಣ್ಯಕ್ಕೆ ಅಂಥ ಅವಳಿ ಹುಟ್ಟುವುದಿಲ್ಲ. ಈ ಪರೀಕ್ಷೆ ಫೋಟೊದಲ್ಲೂ ನಡೆಯುತ್ತದೆ. ಹಾಗಾಗಿ ಮಾರಾಟಕ್ಕೆ ಬಂದ ವರಹಗಳ ಚಿತ್ರಗಳನ್ನು ನಾನು ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ ಕೂಡಿಟ್ಟಿದ್ದೇನೆ.

ತಾಮ್ರ ಮತ್ತು ಕಿಲುಬು

ಟಿಪ್ಪುವಿನ ಆನೆ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕನ್ನಡ ಬರಹದ ಮಯಿಲಿ ಕಾಸು, ಇವಕ್ಕೆ ಬೆಲೆ ಕಡಿಮೆ, ಆದರೂ ಖೋಟಾ ಇದೆ. ಹಳೇದರ ಹಾಗೆ ಕಾಣಲು ಔಷಧಿ ಹಾಕಿ ಹಸಿರು ಕಿಲುಬು ಬರಿಸುತ್ತಾರೆ. ಒದ್ದೆ ಹತ್ತಿಯಿಂದ ಮೆಲ್ಲಗೆ ಒತ್ತಿ. ಹಸಿರು ಪುಡಿ ಹತ್ತಿಗೆ ಬಂದು, ಕೆಳಗೆ ಹೊಸ ತಾಮ್ರದ ಕೆಂಪು ಕಂಡರೆ ಬಿಡಿ. ವರ್ಷಗಟ್ಟಲೆ ಕೂತ ಬಣ್ಣ ಲೋಹಕ್ಕೇ ಅಂಟಿಕೊಂಡಿರುತ್ತದೆ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಫಳಫಳ ತೊಳೆದ ನಾಣ್ಯದಲ್ಲಿ ಈ ಗುರುತೇ ಹೋಗಿಬಿಡುತ್ತದೆ. ನಿಮ್ಮ ನಾಣ್ಯಕ್ಕೂ ಹಾಗೆ ಮಾಡಬೇಡಿ.

ಇರಲೇ ಇಲ್ಲದ ನಾಣ್ಯಗಳು

ಒಂದು ಕಡೆ ರಾಮ ಸೀತೆ ಅಥವಾ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಬರೆದ ದಪ್ಪ ನಾಣ್ಯ ನಿಮಗೂ ಯಾರಾದರೂ ತೋರಿಸಿರುತ್ತಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಅದು ಪೂಜೆಗೆ ಇಡಬಹುದಾದ ಬಿಲ್ಲೆ, ಅಷ್ಟೇ. ಅದನ್ನು ಲಕ್ಷಗಟ್ಟಲೆ ಬೆಲೆ ಅಂತ ನಂಬಿ ಮನೆಯ ಒಳ್ಳೆಯ ಬೆಳ್ಳಿ ರೂಪಾಯಿ ಕೊಟ್ಟು ಬದಲಾಯಿಸಿಕೊಂಡವರನ್ನು ನೋಡಿ ಹೊಟ್ಟೆ ಉರಿದಿದೆ.

ಅಕ್ಕಿ ಎಳೆಯುವ ನಾಣ್ಯ, ಅಂದರೆ ರೈಸ್ ಪುಲ್ಲರ್, ಶುದ್ಧ ಮೋಸ. ಅಕ್ಕಿಗೆ ಕಬ್ಬಿಣದ ಪುಡಿ, ನಾಣ್ಯದ ಒಳಗೆ ಅಯಸ್ಕಾಂತ. ಮಾತಿಗೇ ಕೂರಬೇಡಿ.

ಕೈ ಬದಲಾಗುವ ಹೊತ್ತು

"ಪಾಯ ತೋಡುವಾಗ ಚಿನ್ನದ ನಾಣ್ಯ ಸಿಕ್ಕಿತು, ಗುಟ್ಟಾಗಿ ಮಾರಬೇಕು" ಅಂತ ಫೋನ್ ಬರುತ್ತದೆ. ಶಿವಮೊಗ್ಗ, ದಾವಣಗೆರೆ ಕಡೆಯ ಪೇಪರಿನಲ್ಲಿ ಮತ್ತೆ ಮತ್ತೆ ಬರುವ ಸುದ್ದಿ ಇದು. ಪರೀಕ್ಷೆಗೆ ಅಂತ ಮೊದಲು ಕೊಡುವ ಒಂದೆರಡು ನಾಣ್ಯ ನಿಜವಾದ ಚಿನ್ನ. ಆಮೇಲೆ ಕೊಡುವ ಗಂಟಿನ ತುಂಬ ಹಿತ್ತಾಳೆ. ಅದಕ್ಕೇ ಒಂದು ನಿಯಮ. ಸ್ಯಾಂಪಲ್ ನೋಡಿ ಉಳಿದದ್ದನ್ನು ನಂಬಬಾರದು. ಹತ್ತು ನಾಣ್ಯ ಬಂದರೆ ಹತ್ತನ್ನೂ ತೂಗಬೇಕು, ಹಗಲಿನಲ್ಲಿ, ಜನ ಇರುವ ಜಾಗದಲ್ಲಿ.

ನಿಜವಾಗಿಯೂ ನೆಲದಲ್ಲಿ ಸಿಕ್ಕಿದ್ದಾದರೆ ಅದನ್ನು ಕೊಳ್ಳುವುದೇ ತಪ್ಪು. 1878ರ ನಿಧಿ ಕಾಯ್ದೆಯ ಪ್ರಕಾರ ಅಂಥದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿ ಇಲ್ಲದೆ ದೇಶದಿಂದ ಹೊರಗೆ ಕಳಿಸುವುದಕ್ಕೂ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಅಮೆರಿಕದಲ್ಲಿರುವ ಮಗನ ಗೆಳೆಯನ ಜೊತೆ ಬದಲಾಯಿಸಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಪೋಸ್ಟಿನಲ್ಲಿ ವಿನಿಮಯ ಮಾಡುವುದಾದರೆ ಮೊದಲು ಫೋಟೊ ಕೇಳಿ. ಎರಡೂ ಮುಖ, ಅಂಚು, ತಕ್ಕಡಿಯ ಮೇಲೆ ಅಂಕಿ ಕಾಣುವ ಹಾಗೆ, ಪಕ್ಕದಲ್ಲಿ ನಿಮ್ಮ ಹೆಸರು ಮತ್ತು ಆ ದಿನದ ತಾರೀಖು ಬರೆದ ಚೀಟಿ. ಬೇರೆಯವರ ಫೋಟೊ ಕದ್ದು ಕಳಿಸುವವರು ಈ ಚೀಟಿಗೇ ಸಿಕ್ಕಿಬೀಳುತ್ತಾರೆ. ಖೋಟಾ ಅಂತ ಗೊತ್ತಾದರೆ ಎಷ್ಟು ದಿನದಲ್ಲಿ ವಾಪಸ್, ಪೋಸ್ಟಿನ ಖರ್ಚು ಯಾರದ್ದು ಅನ್ನುವುದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಪಾರ್ಸೆಲ್ ಬಂದಾಗ ಒಡೆಯುವುದರಿಂದ ತೂಗುವವರೆಗೆ ನಿಲ್ಲಿಸದೆ ವಿಡಿಯೊ ಮಾಡಿ. ನೀವು ಕಳಿಸುವಾಗಲೂ ಇದೇ ಮರ್ಯಾದೆ ಪಾಲಿಸಿ.

"ನಿಮ್ಮ ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ" ಅಂದರೆ ಕೂಡಲೇ ಫೋನ್ ಇಡಿ. ಅಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ತಾನು ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಖೋಟಾ ಕೈಗೆ ಬಂದೇಬಿಟ್ಟರೆ

ತಂದವರಿಗೆ ಅಳತೆ, ತೂಕ, ಫೋಟೊ ಸಮೇತ ಮರ್ಯಾದೆಯಿಂದ ತಿಳಿಸಿ. ಅವರೂ ಮೋಸ ಹೋಗಿರಬಹುದು. ವಾಪಸ್ ತಗೊಂಡರೆ ಅವರ ಜೊತೆ ಇನ್ನೂ ಹತ್ತು ವ್ಯವಹಾರ ಮಾಡಿ. ತಗೊಳ್ಳದಿದ್ದರೆ ನಷ್ಟ ನಿಮ್ಮಲ್ಲೇ ನಿಲ್ಲಲಿ, ಸುಮ್ನೆ ಇನ್ನೊಬ್ಬ ಹೊಸಬನಿಗೆ ದಾಟಿಸಬೇಡಿ.

ನನ್ನ ಜಾತ್ರೆಯ ನಾಲ್ಕು ರೂಪಾಯಿಗಳೂ ನನ್ನ ಹತ್ತಿರವೇ ಇವೆ. ಒಂದು ಕಡೆ ಡ್ರಿಲ್ಲಿನಿಂದ ತೂತು ಹಾಕಿ, ಕೆಂಪು ದಾರ ಕಟ್ಟಿ, ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಪಕ್ಕದ ಮನೆಯ ಹುಡುಗ ಈಗ ನಾಣ್ಯ ಕೂಡಿಸಲು ಶುರು ಮಾಡಿದ್ದಾನೆ. ಅವನು ಬಂದಾಗ ಕಣ್ಣು ಮುಚ್ಚು ಅಂತ ಹೇಳಿ ಒಂದು ಕೈಗೆ ಅಜ್ಜನದು, ಇನ್ನೊಂದು ಕೈಗೆ ಜಾತ್ರೆಯದು ಇಡುತ್ತೇನೆ. ಮೊದಲ ವಾರ ತಪ್ಪು ಹೇಳುತ್ತಿದ್ದ. ಈಗ ಹೆಬ್ಬೆರಳು ಆಡಿಸಿದ ಕೂಡಲೇ ಹೇಳುತ್ತಾನೆ.